ಸಂಕ್ರಾಂತಿಯ ಕಬ್ಬು: ಪೇಟೆಗೆ ಒಯ್ಯುವ ಮುನ್ನ ಮಾಡಬೇಕಾದ ಲೆಕ್ಕ



ಸಂಕ್ರಾಂತಿಗೆ ಎರಡು ದಿನ ಮುಂಚಿತವಾಗಿ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆ ಹೋದರೆ ಬೀದಿಯ ಎರಡು ಪಕ್ಕದಲ್ಲೂ ಕಬ್ಬಿನ ತೋಟವೇ ಎದ್ದು ನಿಂತಂತೆ ಕಾಣುತ್ತದೆ. ಸೋಗೆ ಸಮೇತ ಕರಿ ಕಬ್ಬಿನ ಜಲ್ಲೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ. ಪಕ್ಕದಲ್ಲಿ ಅವರೆಕಾಯಿ, ಕಡಲೆಕಾಯಿ, ಗೆಣಸು, ಎಲಚಿಹಣ್ಣಿನ ರಾಶಿ. 1928ರಿಂದ ಇರುವ ಈ ಮಾರುಕಟ್ಟೆಯ ಸುತ್ತ ಆ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಸವನಗುಡಿಯ ಗಾಂಧಿ ಬಜಾರಿನಲ್ಲಿಯೂ ಮಲ್ಲೇಶ್ವರದಲ್ಲಿಯೂ ಇದೇ ನೋಟ. ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳುಬೆಲ್ಲದ ಜೊತೆಗೆ ಒಂದು ತುಂಡು ಕಬ್ಬು ಇಲ್ಲದಿದ್ದರೆ ಹಬ್ಬವಾದಂತಾಗುವುದಿಲ್ಲ. ಆದಕಾರಣ ಪೇಟೆಯವರು ಎಷ್ಟೇ ಚೌಕಾಸಿ ಮಾಡಿದರೂ ಕೊನೆಗೆ ಕೊಂಡೇ ಹೋಗುತ್ತಾರೆ.

ಇದನ್ನು ಕಂಡು ಬಂದ ರೈತನಿಗೆ ಒಂದು ಆಸೆ ಹುಟ್ಟುವುದು ಸಹಜ. ಕೇಂದ್ರ ಸರ್ಕಾರವು 2025–26ನೆಯ ಸಾಲಿನ ಹಂಗಾಮಿಗೆ ಶೇಕಡ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,550 ರೂಪಾಯಿ ನ್ಯಾಯಸಮ್ಮತ ಬೆಲೆ ಗೊತ್ತುಮಾಡಿತು. ಎರಡು ಕಿಲೋ ತೂಗುವ ಒಂದು ಜಲ್ಲೆಗೆ ಈ ದರದಲ್ಲಿ 7 ರೂಪಾಯಿ 10 ಪೈಸೆಯಾಯಿತು. ಜೊತೆಗೆ 14 ರೂಪಾಯಿ 20 ಪೈಸೆ. ಅದು ಕಾರ್ಖಾನೆಯ ಬಾಗಿಲಿಗೆ ತಲುಪಿಸಿದ ಕಬ್ಬಿನ ಬೆಲೆ. ಕಡಿದು ಸಾಗಿಸಿದ ವೆಚ್ಚ ಅದರೊಳಗೇ ಕಳೆಯಬೇಕು. ಪೇಟೆಯ ಬೀದಿಯಲ್ಲಿ ಹಬ್ಬದ ಜೊತೆಗೆ ಕೂಗುವ ಬೆಲೆ ಇದರ ಹಲವು ಪಟ್ಟು. “ಹಾಗಾದರೆ ನಮ್ಮ ಕಬ್ಬನ್ನೂ ಲಾರಿಗೆ ಹಾಕಿಕೊಂಡು ನಾವೇ ಏಕೆ ಹೋಗಬಾರದು?” ಎಂದು ನೀವು ಕೇಳಬಹುದು.

ಹೋಗಬಹುದು. ಆದರೆ ಕೂಗುವ ಬೆಲೆ ಬೇರೆ, ಮನೆಗೆ ತರುವ ಹಣ ಬೇರೆ. ಈ ಎರಡರ ನಡುವೆ ಏನೇನು ಸೋರಿಹೋಗುತ್ತದೆ, ಅದನ್ನು ಹೇಗೆ ತಡೆಯಬಹುದು ಎಂಬುದೇ ಈ ಪಾಠದ ವಿಷಯ.

1. ಪೇಟೆಯವರು ಕೊಳ್ಳುವ ಕಬ್ಬು ಯಾವುದು?

ಕಾರ್ಖಾನೆಗೆಂದು ಬೆಳೆದ ಕಬ್ಬನ್ನು ಹಬ್ಬದ ಬೀದಿಗೆ ಒಯ್ದವರು ನಿರಾಶೆಯಿಂದ ಹಿಂದಿರುಗಬೇಕಾಗುತ್ತದೆ. ಇದಕ್ಕೆ ಕಾರಣವನ್ನು ತಿಳಿದಿರುವುದು ಒಳ್ಳೆಯದು.

ಹಿಂದೆ ನಮ್ಮ ಸೀಮೆಯಲ್ಲಿ ರಸದಾಳಿ, ಪಟ್ಟಾಪಟ್ಟಿ ಮೊದಲಾದ ದಪ್ಪ ಕಬ್ಬುಗಳನ್ನು ಬೆಳೆಯುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಹೆಸರುಗಳನ್ನು ಬರೆದಿಟ್ಟಿದ್ದಾನೆ. ಇವುಗಳ ಸಿಪ್ಪೆ ಮೆದು, ರಸ ಹೆಚ್ಚು, ನಾರು ಕಡಿಮೆ. ಆದರೆ ರೋಗಕ್ಕೂ ನೀರಿನ ಕೊರತೆಗೂ ಇವು ಬೇಗ ಸೋಲುತ್ತವೆ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂವರ್ಧನ ಕೇಂದ್ರ ಪ್ರಾರಂಭವಾಯಿತು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ದಪ್ಪ ಕಬ್ಬಿನೊಡನೆ ಕಾಡು ಕಬ್ಬನ್ನು ಕೂಡಿಸಿ ಕೋ 205 ಎಂಬ ತಳಿಯನ್ನು ಪಡೆದರು. 1918ರಲ್ಲಿ ಅದು ರೈತರ ಕೈಗೆ ಬಂದಿತು. ಇಂದು ಕಾರ್ಖಾನೆಗೆ ಹೋಗುವ ಕೋ 86032 ಮೊದಲಾದ ಕಬ್ಬುಗಳ ಮೈಯಲ್ಲಿಯೂ ಕಾಡು ಕಬ್ಬಿನ ರಕ್ತವಿದೆ. ಅದರಿಂದಲೇ ಅವು ಗಟ್ಟಿ. ಗಾಣಕ್ಕೆ ಲೇಸು, ಹಲ್ಲಿಗೆ ಕಷ್ಟ.

ಹಬ್ಬಕ್ಕೆ ಕೊಳ್ಳುವವರು ಕಬ್ಬನ್ನು ಸಿಗಿದು ಮಕ್ಕಳ ಕೈಗೆ ಕೊಡುವವರು. ಅವರಿಗೆ ಬೇಕಾದುದು ಹಳೆಯ ಕಾಲದ ಆ ಮೆದು ಕಬ್ಬೇ. ದಪ್ಪ ಜಲ್ಲೆ, ಉದ್ದ ಗಣಿಕೆ, ಹೊಳೆಯುವ ಕಪ್ಪು ಇಲ್ಲವೇ ಪಟ್ಟೆಯ ಬಣ್ಣ, ತಲೆಯ ಮೇಲೆ ಹಸಿರು ಸೋಗೆ: ಈ ನಾಲ್ಕು ಗುಣಗಳನ್ನು ಅವರು ನೋಡುತ್ತಾರೆ. ಐದನೆಯದು ನೇರತನ. “ಕಬ್ಬು ಡೊಂಕಾದರೆ ಸಿಹಿ ಡೊಂಕೇ?” ಎಂಬ ಗಾದೆ ನಮ್ಮ ಆಲೆಮನೆಯಲ್ಲಿ ನಿಜ. ಪೇಟೆಯಲ್ಲಿ ದೇವರ ಮುಂದೆ ನಿಲ್ಲಿಸಲು ಜೊತೆ ಕೊಳ್ಳುವ ಗೃಹಿಣಿಗೆ ಡೊಂಕು ಕಬ್ಬು ಬೇಡ.

ಆದುದರಿಂದ ಹಬ್ಬದ ಕಬ್ಬನ್ನು ಬೇರೆಯಾಗಿಯೇ ಬೆಳೆಯಬೇಕು. ಗಾಳಿಗೆ ಬೀಳದಂತೆ ನಾಲ್ಕೈದು ಜಲ್ಲೆಗಳನ್ನು ಸೇರಿಸಿ ಕಟ್ಟಬೇಕು. ಕೆಳಗಿನ ಒಣ ಎಲೆಯನ್ನು ಕಾಲಕಾಲಕ್ಕೆ ಸುಲಿದರೆ ಬಿಸಿಲು ತಾಗಿ ಬಣ್ಣ ಕಟ್ಟುತ್ತದೆ, ಹುಳುವಿನ ತೂತುಗಳೂ ಬೇಗ ಕಣ್ಣಿಗೆ ಬೀಳುತ್ತವೆ. ನಾಟಿಯ ತುಂಡನ್ನು ಸೀಳಿ ನೋಡಿ. ಒಳಗೆ ಕೆಂಪು ಕಂಡರೆ, ಕೆಂಪಿನ ನಡುವೆ ಬಿಳಿ ಮಚ್ಚೆಗಳಿದ್ದರೆ, ಅದು ಕೆಂಪು ಕೊಳೆ ರೋಗದ ಗುರುತು. ಅಂತಹ ತಾಕಿನಿಂದ ಒಂದು ತುಂಡನ್ನೂ ಬಿತ್ತನೆಗೆ ತೆಗೆದುಕೊಳ್ಳಬೇಡಿ.

2. ಹತ್ತು ತಿಂಗಳ ಬೆಳೆ, ಮೂರು ದಿನದ ವ್ಯಾಪಾರ

ರಾಗಿಗೆ ಬೆಲೆ ಬಾರದಿದ್ದರೆ ಕಣಜದಲ್ಲಿಟ್ಟು ಕಾಯಬಹುದು. ಬೆಲ್ಲವನ್ನೂ ಕೆಲವು ಕಾಲ ಇಡಬಹುದು. ಹಬ್ಬದ ಕಬ್ಬಿಗೆ ಈ ಅನುಕೂಲವಿಲ್ಲ. ಜನವರಿ 14 ಅಥವಾ 15ರ ಹಬ್ಬಕ್ಕಾಗಿ ಹಿಂದಿನ ಜನವರಿಯಿಂದ ಮಾರ್ಚಿಯೊಳಗೆ ನಾಟಿ ಮಾಡಿ, ಹತ್ತು ಹನ್ನೆರಡು ತಿಂಗಳು ನೀರು ಗೊಬ್ಬರ ಕೊಟ್ಟು ಸಾಕಿದ ಬೆಳೆಯು ಮೂರೇ ದಿನಗಳಲ್ಲಿ ಮಾರಾಟವಾಗಬೇಕು. ಹಬ್ಬದ ಮಧ್ಯಾಹ್ನ ಕಳೆದರೆ ಅದನ್ನು ಕೇಳುವವರಿಲ್ಲ. ಹಬ್ಬದ ಮರುದಿನ ಮಾರುಕಟ್ಟೆಯ ಮೂಲೆಗಳಲ್ಲಿ ಬಿಟ್ಟುಹೋದ ಕಬ್ಬಿನ ರಾಶಿಯನ್ನು ಕಂಡವರಿಗೆ ಇದು ಗೊತ್ತು. ಆ ಒಂದೊಂದು ರಾಶಿಯೂ ಯಾವನೋ ರೈತನ ಒಂದು ವರ್ಷದ ಬೆವರು.

ಒಂದೇ ದಿನವನ್ನು ನಂಬಿದ ಬೆಳೆ ಎಷ್ಟು ನಾಜೂಕಾದುದು ಎಂಬುದಕ್ಕೆ ನೆರೆಯ ತಮಿಳುನಾಡಿನ ಒಂದು ಸಂಗತಿಯನ್ನು ನೋಡಿರಿ. ಅಲ್ಲಿ ಪೊಂಗಲ್ ಹಬ್ಬಕ್ಕೆ ಪಡಿತರ ಚೀಟಿದಾರರಿಗೆ ಸರ್ಕಾರ ಕೊಡುವ ಉಡುಗೊರೆಯಲ್ಲಿ ಕಬ್ಬೂ ಇರುವುದುಂಟು. 2022ರ ಡಿಸೆಂಬರಿನಲ್ಲಿ ಮುಂದಿನ ಪೊಂಗಲ್‌ನ ಉಡುಗೊರೆಯನ್ನು ಸಾರಿದಾಗ ಅದರಲ್ಲಿ ಕಬ್ಬು ಇರಲಿಲ್ಲ. ಬೆಳೆ ಹೊಲದಲ್ಲಿ ನಿಂತಿತ್ತು. ಹಬ್ಬಕ್ಕೆ ಮೂರು ನಾಲ್ಕು ವಾರ ಉಳಿದಿತ್ತು. ರೈತರು ಪ್ರತಿಭಟಿಸಿದ ಮೇಲೆ ಅದೇ ತಿಂಗಳಲ್ಲಿ ಸರ್ಕಾರ ಕಬ್ಬನ್ನು ಸೇರಿಸಿತು. ಆ ವರ್ಷ ಅವರು ಪಾರಾದರು. ಆದರೆ ನಾಟಿಯ ದಿನವೇ ಮಾರಾಟದ ದಾರಿ ಎರಡಾದರೂ ಇರಬೇಕೆಂಬುದನ್ನು ನಾವು ಇದರಿಂದ ಕಲಿಯಬೇಕು.

ಹಬ್ಬಕ್ಕೆಂದು ಇರುವ ಜಮೀನನ್ನೆಲ್ಲ ಹಾಕಬೇಡಿ. ಹೊಸಬರು ನಾಲ್ಕು ಗುಂಟೆಯಿಂದ ಪ್ರಾರಂಭಿಸುವುದು ವಿವೇಕ. ಸ್ವಲ್ಪ ಭಾಗವನ್ನು ಮುಂಚಿತವಾಗಿ ನೆಟ್ಟರೆ ಕಾರ್ತಿಕ ಮಾಸದ ತುಳಸಿ ಪೂಜೆಯ ಮಂಟಪಕ್ಕೂ ಕಬ್ಬು ಒದಗುತ್ತದೆ. ಹೀಗೆ ಒಂದೇ ಹಬ್ಬದ ಮೇಲಿನ ಭಾರ ಕಡಿಮೆಯಾಗುವುದು.

3. ಕಾಗದ, ಪೆನ್ಸಿಲು ತೆಗೆದುಕೊಳ್ಳಿ

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಕಲಿಯುವುದಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಕೂಲಿ, ಬಾಡಿಗೆಗಳನ್ನು ಹಾಕಿ ನೀವೇ ಮತ್ತೊಮ್ಮೆ ಮಾಡಿರಿ.

ಒಬ್ಬ ರೈತನಲ್ಲಿ 2,000 ಜಲ್ಲೆ, ಅಂದರೆ 1,000 ಜೊತೆ ಕಬ್ಬು ಇದೆ ಎನ್ನಿ. ಬೆಳೆಯಲು ಆದ ಖರ್ಚು 12,000 ರೂಪಾಯಿ. ಕಡಿದು, ಸವರಿ, ಕಟ್ಟು ಕಟ್ಟಲು 4,000. ಲಾರಿ ಬಾಡಿಗೆ 9,000. ಹೇರಲು, ಇಳಿಸಲು 3,000. ಮೂರು ದಿನ ನಾಲ್ವರ ಊಟ, ಕಾಫಿಗೆ 3,000. ಜಾಗದ ಶುಲ್ಕ, ಹಗ್ಗ, ಇತರೆ 1,000. ಒಟ್ಟು 32,000 ರೂಪಾಯಿ.

ಇನ್ನು ವ್ಯಾಪಾರ. ಮೊದಲ ದಿನ 200 ಜೊತೆ, 80 ರೂಪಾಯಿಯಂತೆ 16,000. ಹಬ್ಬದ ಹಿಂದಿನ ದಿನ 400 ಜೊತೆ, 70ರಂತೆ 28,000. ಹಬ್ಬದ ಬೆಳಿಗ್ಗೆ 150 ಜೊತೆ, 50ರಂತೆ 7,500. ಮಧ್ಯಾಹ್ನ 150 ಜೊತೆ, 20ರಂತೆ 3,000. ಮುರಿದು ಹಾಳಾದದ್ದು 100 ಜೊತೆ. ಒಟ್ಟು ಬಂದದ್ದು 54,500. ಖರ್ಚು ಕಳೆದರೆ 22,500 ಉಳಿಯಿತು.

ಸಂತೋಷಪಡುವ ಮೊದಲು ಒಂದು ಮಾತು. ನಾಲ್ವರು ಮೂರು ದಿನ ಅಲ್ಲಿ ದುಡಿದರಲ್ಲವೇ? ದಿನಕ್ಕೆ 600 ರೂಪಾಯಿ ಕೂಲಿ ಹಿಡಿದರೆ 7,200 ಆಯಿತು. ನಿಜವಾದ ಉಳಿತಾಯ 15,300. ಇದೇ ಕಬ್ಬನ್ನು ವ್ಯಾಪಾರಿಯು ತೋಟಕ್ಕೇ ಬಂದು, ತಾನೇ ಕಡಿದುಕೊಂಡು, ಜೊತೆಗೆ 28 ರೂಪಾಯಿ ಕೊಡುತ್ತಾನೆ ಎಂದಿಟ್ಟುಕೊಳ್ಳಿ. 28,000ದಲ್ಲಿ ಬೆಳೆದ ಖರ್ಚು 12,000 ಕಳೆದರೆ 16,000 ಉಳಿಯುತ್ತದೆ. 28 ಎಲ್ಲಿ, 80 ಎಲ್ಲಿ ಎಂದು ಹೊರಟ ರೈತನು ಚಳಿಯ ರಾತ್ರಿಗಳನ್ನು ಬೀದಿಯಲ್ಲಿ ಕಳೆದು 700 ರೂಪಾಯಿ ಕಡಿಮೆ ತಂದಂತಾಯಿತು!

ಹಾಗಾದರೆ ಪೇಟೆಗೆ ಹೋಗಲೇಬಾರದೇ? ಹಾಗಲ್ಲ. ನಾಲ್ವರ ಬದಲು ಇಬ್ಬರೇ ಹೋದರೆ ಊಟದ ಖರ್ಚು 1,500, ಕೂಲಿಯ ಲೆಕ್ಕ 3,600 ಮಾತ್ರ. ಆಗ ಉಳಿಯುವುದು 20,400. ವ್ಯಾಪಾರಿ ಕೊಡುವುದಕ್ಕಿಂತ 4,400 ಹೆಚ್ಚು. ಇನ್ನೊಂದು ಮನೆಯವರನ್ನು ಜೊತೆಗೆ ಸೇರಿಸಿಕೊಂಡು, 13,000 ಬಾಡಿಗೆಯ ದೊಡ್ಡ ಲಾರಿಯನ್ನು ಹಂಚಿಕೊಂಡರೆ ನಿಮ್ಮ ಪಾಲಿಗೆ ಬಾಡಿಗೆ 6,500. ಉಳಿತಾಯ 22,900ಕ್ಕೆ ಏರಿತು. ನಿಮ್ಮ ಕೂಗು ಏರಲಿಲ್ಲ, ಖರ್ಚು ಇಳಿಯಿತು.

ಆದರೆ ನಷ್ಟದ ಬಾಗಿಲೂ ತೆರೆದೇ ಇದೆ. ಲಾರಿ ದಾರಿಯಲ್ಲಿ ನಿಂತು ಅರ್ಧ ದಿನ ತಡವಾಯಿತೆನ್ನಿ. ಹಬ್ಬದ ಹಿಂದಿನ ದಿನ ಹೋಗಬೇಕಾಗಿದ್ದ 400 ಜೊತೆಯಲ್ಲಿ 200 ಜೊತೆ ಉಳಿದು, ಮರುದಿನ ಮಧ್ಯಾಹ್ನ 20 ರೂಪಾಯಿಗೆ ಹೋಯಿತು. ಜೊತೆಗೆ 50ರಂತೆ 10,000 ರೂಪಾಯಿ ಹೋಯಿತು. 20,400 ಇದ್ದುದು 10,400 ಆಯಿತು. ವ್ಯಾಪಾರಿಗೆ ತೋಟದಲ್ಲೇ ಕೊಟ್ಟಿದ್ದರೆ 5,600 ಹೆಚ್ಚು ಬರುತ್ತಿತ್ತು. ವ್ಯಾಪಾರಿಯ ಲಾಭದಲ್ಲಿ ಒಂದು ಪಾಲು ಈ ಅಪಾಯವನ್ನು ಹೊತ್ತುದಕ್ಕೆ ಕೂಲಿ. ಪೇಟೆಗೆ ನೀವೇ ಹೋಗುವುದೆಂದರೆ ಆ ಅಪಾಯವನ್ನು ನೀವು ಹೊರುವುದೆಂದು ಅರ್ಥ. ಸಾಲ ಮಾಡಿ ಬೆಳೆದವರು ಇದನ್ನು ಎರಡು ಸಾರಿ ಯೋಚಿಸತಕ್ಕದ್ದು. ಅರ್ಧ ಕಬ್ಬನ್ನು ತೋಟದಲ್ಲೇ ಮಾರಿ ಸಾಲಕ್ಕೆ ಸಾಕಾಗುವಷ್ಟು ಹಣವನ್ನು ಭದ್ರಪಡಿಸಿಕೊಂಡು, ಉಳಿದರ್ಧವನ್ನು ಪೇಟೆಗೆ ಒಯ್ಯುವುದು ಮೊದಲ ವರ್ಷಕ್ಕೆ ಒಳ್ಳೆಯ ಉಪಾಯ.

4. ಕಡಿಯುವುದು, ಕಟ್ಟುವುದು, ಸಾಗಿಸುವುದು

ಕಡಿದ ಕ್ಷಣದಿಂದಲೇ ಕಬ್ಬು ಕೆಡಲು ಪ್ರಾರಂಭವಾಗುತ್ತದೆ. ಅದರಲ್ಲಿರುವ ನೀರು ಆರಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆಯೂ ಒಡೆದು ಬೇರೆ ಜಾತಿಯ ಸಕ್ಕರೆಗಳಾಗುತ್ತದೆ, ತುದಿಗಳು ಹುಳಿಯತೊಡಗುತ್ತವೆ. ಬಿಸಿಲಿದ್ದಷ್ಟೂ ಇದು ಬೇಗ. ಕಾರ್ಖಾನೆಗೆ ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕೆನ್ನುವುದು ಇದಕ್ಕಾಗಿಯೇ. ನೀವು ಮೂರು ದಿನ ಮಾರಬೇಕಾದವರು. ಆದುದರಿಂದ ಈ ನಿಯಮಗಳನ್ನು ನೆನಪಿಡಿ:

ಸಂಜೆಯ ತಂಪಿನಲ್ಲಿ ಕಡಿಯಿರಿ. ನೆಲಕ್ಕೆ ಸಮನಾಗಿ, ಹರಿತವಾದ ಮಚ್ಚಿನಿಂದ ಒಂದೇ ಏಟಿಗೆ ಕಡಿಯಿರಿ. ಬುಡದ ಗಣಿಕೆಯೇ ಎಲ್ಲಕ್ಕಿಂತ ಸಿಹಿ. ಅದನ್ನು ಹೊಲದಲ್ಲಿ ಬಿಡಬೇಡಿ.

ಸೋಗೆಯನ್ನು ತೆಗೆಯಬೇಡಿ. ಹಸಿರು ಸೋಗೆಯೇ ಹೊಸ ಕಬ್ಬೆಂಬುದಕ್ಕೆ ಸಾಕ್ಷಿ. ಒಣ ಎಲೆ, ಬೇರಿನ ಮಣ್ಣುಗಳನ್ನು ಮಾತ್ರ ತೆಗೆದು ಒರೆಸಿರಿ.

ದಪ್ಪ, ನಡುತರ, ಸಣ್ಣ ಎಂದು ಮೂರು ತರಗತಿ ಮಾಡಿ ಬೇರೆ ಬೇರೆ ಕಟ್ಟು ಕಟ್ಟಿರಿ. ಒಳ್ಳೆಯದನ್ನು ಮೇಲಿಟ್ಟು ಕೆಟ್ಟದ್ದನ್ನು ಒಳಗೆ ತುರುಕುವ ಅಭ್ಯಾಸ ಬಿಡಿ. ಮೊದಲ ಕಟ್ಟು ಬಿಚ್ಚಿದಾಗಲೇ ಕೊಳ್ಳುವವನಿಗೆ ಗೊತ್ತಾಗುತ್ತದೆ. ಆ ಮೇಲೆ ಎಲ್ಲಕ್ಕೂ ಕೆಟ್ಟದ್ದರ ಬೆಲೆಯೇ.

ಲಾರಿಯಲ್ಲಿ ಬುಡಗಳೆಲ್ಲ ಒಂದೇ ಕಡೆ ಇರಲಿ. ಮೇಲೆ ಒದ್ದೆ ಗೋಣಿ ಹೊದಿಸಿರಿ. ಕಟ್ಟಿನ ಮೇಲೆ ಜನ ಕುಳಿತು ಹೋಗಕೂಡದು. ಕಬ್ಬು ಮುರಿಯುವುದೊಂದೇ ಅಲ್ಲ, ಅದು ಪ್ರಾಣಕ್ಕೂ ಅಪಾಯ.

ಎಲ್ಲ ಕಬ್ಬನ್ನು ಒಂದೇ ದಿನ ಕಡಿಯಬೇಡಿ. ಎರಡು ಮೂರು ಮನೆಯವರು ಸೇರಿದ್ದರೆ ಒಂದು ಲಾರಿ ಮೊದಲು, ಒಂದು ಲಾರಿ ಮರುದಿನ ಹೊರಡಲಿ. ಮೊದಲು ಹೋದವರು ಅಲ್ಲಿನ ಧಾರಣೆಯನ್ನು ಫೋನಿನಲ್ಲಿ ತಿಳಿಸಿದರೆ ಹಿಂದಿನವರು ಎಷ್ಟು ಕಡಿಯಬೇಕೆಂದು ನಿರ್ಧರಿಸಬಹುದು. ಹೊಲದಲ್ಲಿ ನಿಂತ ಕಬ್ಬು ಇನ್ನೂ ನಿಮ್ಮದು. ಕಡಿದ ಕಬ್ಬು ಹಬ್ಬದ ಪಾಲು.

ದೊಡ್ಡ ಪಟ್ಟಣಗಳಲ್ಲಿ ಸರಕು ಲಾರಿಗಳು ಒಳಕ್ಕೆ ಬರುವ ವೇಳೆಗೆ ನಿರ್ಬಂಧವಿರುತ್ತದೆ. ವೇಳೆಯನ್ನು ಮುಂಚಿತವಾಗಿ ವಿಚಾರಿಸಿ, ಬೆಳಕು ಹರಿಯುವ ಮೊದಲೇ ಇಳಿಸುವಂತೆ ಹೊರಡಿರಿ.

5. ಬೀದಿಯಲ್ಲಿ ನಡೆದುಕೊಳ್ಳುವ ಬಗೆ

ಜಾಗ: ಕಬ್ಬಿನೊಡನೆ ಹೋಗಿ ಜಾಗ ಹುಡುಕಬೇಡಿ. ಒಂದು ವಾರ ಮುಂಚೆ ಒಬ್ಬರು ಹೋಗಿ ನೋಡಿ ಬನ್ನಿ. ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ಒಂದು ಕಾಯಿದೆ ಬಂದಿದೆ. ವರ್ಷವೆಲ್ಲ ಅಲ್ಲಿಯೇ ಕುಳಿತು ಮಾರುವವರಿಗೆ ಅದರ ಪ್ರಕಾರ ಹಕ್ಕುಗಳಿವೆ. ಅವರ ಜಾಗಕ್ಕೆ ನುಗ್ಗಬೇಡಿ. ನಗರಪಾಲಿಕೆಯ ಕಚೇರಿಯಲ್ಲಿ ಹಬ್ಬದ ವ್ಯಾಪಾರಕ್ಕೆ ಎಲ್ಲಿ ಅವಕಾಶವಿದೆಯೆಂದು ಕೇಳಿರಿ. ಶುಲ್ಕ ಕೊಟ್ಟರೆ ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಕೈಚಾಚುವವರಿಗೆ ಒಬ್ಬೊಬ್ಬರಾಗಿ ಉತ್ತರ ಕೊಡುವುದು ಕಷ್ಟ. ಹತ್ತು ಮಂದಿ ಒಟ್ಟಿಗಿದ್ದರೆ ಸುಲಭ.

ಬೆಲೆ: ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂಬ ಬೆಲೆಯನ್ನು ಊರಿನಲ್ಲೇ ಗೊತ್ತುಮಾಡಿಕೊಳ್ಳಿ. ನಮ್ಮ ಲೆಕ್ಕದಲ್ಲಿ 32,000ವನ್ನು 1,000 ಜೊತೆಗೆ ಹಂಚಿದರೆ ಅಸಲು 32 ರೂಪಾಯಿ. ಆದರೆ ಮುರಿದ 100 ಜೊತೆಯ ಖರ್ಚನ್ನು ಉಳಿದ 900 ಜೊತೆಯೇ ಹೊರಬೇಕು. ಆಗ ಅಸಲು ಸುಮಾರು 36 ರೂಪಾಯಿ. ಹಬ್ಬದ ಹಿಂದಿನ ದಿನದವರೆಗೆ ಈ ಗೆರೆಯನ್ನು ಕಾಯಿರಿ. ಹಬ್ಬದ ಮಧ್ಯಾಹ್ನ ಮಾತ್ರ ಗೆರೆಯನ್ನು ಅಳಿಸಿಬಿಡಿ. ಆಗ ಬಂದಷ್ಟೇ ಲಾಭ.

ಕತ್ತರಿಸಿ ಮಾರುವುದು: ಪೇಟೆಯಲ್ಲಿ ಎಲ್ಲರೂ ಇಡೀ ಜೊತೆ ಕೊಳ್ಳುವುದಿಲ್ಲ. ಮೇಲಂತಸ್ತಿನ ಸಣ್ಣ ಮನೆಗಳಲ್ಲಿರುವವರಿಗೆ ಎಂಟು ಅಡಿಯ ಕಬ್ಬನ್ನು ಒಯ್ಯುವುದೇ ಕಷ್ಟ. ಅವರಿಗೆ ಎರಡಡಿಯ ತುಂಡು ಮಾಡಿ ಕೊಡಿ. ಮುರಿದ ಜಲ್ಲೆಗಳಿಗೆ ಬೆಲೆ ಬರುವುದು ಇಲ್ಲಿಯೇ. ಆದರೆ ಕೊಳ್ಳುವವರ ಎದುರಿಗೇ, ತೊಳೆದ ಕತ್ತಿಯಿಂದ ಕತ್ತರಿಸಿರಿ. ಮೊದಲೇ ಕತ್ತರಿಸಿಟ್ಟರೆ ನೊಣ ಮುತ್ತಿ, ಸಂಜೆಗೆ ಹುಳಿವಾಸನೆ ಬರುವುದು.

ಹಣ: ಈಗ ಬಹುಮಂದಿ ಮೊಬೈಲಿನಲ್ಲಿ ಹಣ ಕೊಡುತ್ತಾರೆ. ಅವರ ಮೊಬೈಲಿನ ಚಿತ್ರವನ್ನು ನಂಬಬೇಡಿ. ನಿಮ್ಮ ಖಾತೆಗೆ ಬಂದುದನ್ನು ನೋಡಿಕೊಂಡ ಮೇಲೆ ಕಬ್ಬು ಕೊಡಿ. ಸಂಜೆ ಆಯಾ ದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಿರಿ. ಕಾರ್ಖಾನೆ ಕಬ್ಬಿನ ಹಣವನ್ನು 14 ದಿನಗಳೊಳಗೆ ಕೊಡಬೇಕು, ತಡವಾದರೆ ಶೇಕಡ 15 ಬಡ್ಡಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಬೀದಿಯಲ್ಲಿ ಅಂತಹ ಆಜ್ಞೆ ಯಾವುದೂ ಇಲ್ಲ. ಅಲ್ಲಿ ಉದ್ದರಿ ಕೊಟ್ಟರೆ ಮುಗಿಯಿತು.

ಉಳಿದ ಕಬ್ಬು: ಕಬ್ಬಿನ ಹಾಲು ಮಾರುವ ಗಾಣದವರನ್ನು ಹಬ್ಬಕ್ಕೆ ಮೊದಲೇ ಕಂಡು, ಉಳಿದುದನ್ನು ಇಂತಿಷ್ಟಕ್ಕೆ ಕೊಳ್ಳುವಿರಾ ಎಂದು ಮಾತನಾಡಿಕೊಳ್ಳಿ. ಹಬ್ಬವಾದ ಮೇಲೆ ಹೋದರೆ ಎಲ್ಲ ರೈತರೂ ಅವರ ಬಾಗಿಲಲ್ಲೇ ಇರುತ್ತಾರೆ. ಸೋಗೆ ದನಗಳಿಗೆ ಒಳ್ಳೆಯ ಮೇವು. ಹಿಂದಿರುಗುವ ಲಾರಿಯಲ್ಲಿ ತನ್ನಿ. ಕುಳಿತ ಜಾಗವನ್ನು ಗುಡಿಸಿ ಬನ್ನಿ. ಮುಂದಿನ ವರ್ಷವೂ ಅಲ್ಲಿಯೇ ಹೋಗಿ ಕೂರಬೇಕಾದವರು ನೀವು.

6. ಕೊನೆಯ ಮಾತು

ರೈತನು ಬೆಳೆಯುವುದರಲ್ಲಿ ಜಾಣ, ಮಾರುವುದರಲ್ಲಿ ಸೋಲುತ್ತಾನೆ ಎಂದು ಹೇಳುವುದು ವಾಡಿಕೆ. ಆದರೆ ಮಾರುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಲೆಕ್ಕದಿಂದ ಬರುವ ವಿದ್ಯೆ. ಬಿತ್ತನೆಗೆ ತುಂಡು ಆರಿಸುವಾಗ ತೋರುವ ಎಚ್ಚರವನ್ನೇ ಲಾರಿ ಆರಿಸುವಾಗಲೂ ತೋರಬೇಕು. ಈ ವರ್ಷ ನಾಟಿ ಮಾಡುವ ಮೊದಲು ಹಬ್ಬದ ಕಬ್ಬು ಬೆಳೆಯಬೇಕೆನ್ನುವ ನಾಲ್ಕಾರು ಮನೆಯವರು ಒಂದು ಸಂಜೆ ಸೇರಿರಿ. ತಳಿ, ರೋಗದ ವಿಷಯದಲ್ಲಿ ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಓದು ಬಲ್ಲವರು ಈ ಪಾಠವನ್ನು ಇತರರಿಗೆ ಓದಿ ಹೇಳಿರಿ. ಅನಂತರ ಕೆಳಗಿನ ಪ್ರಶ್ನೆಗಳಿಗೆ ಎಲ್ಲರೂ ಕೂಡಿ ಉತ್ತರ ಹುಡುಕಿರಿ.

ಪ್ರಶ್ನೆಗಳು

1. ಕಾರ್ಖಾನೆಗೆ ಬೆಳೆಯುವ ಕಬ್ಬು ಹಬ್ಬದ ಮಾರಾಟಕ್ಕೆ ಏಕೆ ಒಗ್ಗುವುದಿಲ್ಲ?

2. ನಿಮ್ಮ ಊರಿನ ಕೂಲಿ, ಬಾಡಿಗೆಗಳ ಪ್ರಕಾರ ಒಂದು ಜೊತೆ ಕಬ್ಬು ಪೇಟೆ ಮುಟ್ಟುವಾಗ ಅಸಲು ಎಷ್ಟಾಗುತ್ತದೆ?

3. ಮನೆಯವರ ದುಡಿಮೆಗೆ ಕೂಲಿ ಹಿಡಿಯದೆ ಲಾಭ ಲೆಕ್ಕಹಾಕಿದರೆ ಆಗುವ ತಪ್ಪೇನು?

4. ಲಾರಿ ಅರ್ಧ ದಿನ ತಡವಾದರೆ ನಿಮಗಾಗುವ ನಷ್ಟವೆಷ್ಟು? ಅದನ್ನು ತಾಳುವ ಶಕ್ತಿ ನಿಮಗಿದೆಯೇ?

5. ನಿಮ್ಮೂರಿನಿಂದ ಯಾವ ಯಾವ ಮನೆಯವರು ಕೂಡಿ ಒಂದು ಲಾರಿ ಮಾಡಬಹುದು?